ಏಳನೇ ತೂಬಿನ ಬೀಗ

"ಹಾಕಿದ್ರೆ ತಾನೇ ಮೇಡಂ ತೆಗೆಯೋ ಮಾತು? ಅವಳು ಬೀಗ ಹಾಕೇ ಇಲ್ಲ."

ಪ್ರಸಾದ್ ತನ್ನ ಕುರ್ಚಿ ಸರಿಸಿ, ಕಂಪ್ಯೂಟರಿನ ಪರದೆಯನ್ನು ಭಾನುಪ್ರಿಯಾಳ ಕಡೆಗೆ ತಿರುಗಿಸಿದ. ಅವನ ದನಿಯಲ್ಲಿ ಗೆದ್ದವನ ಉತ್ಸಾಹವಿರಲಿಲ್ಲ. ಹಲ್ಲುನೋವಿದ್ದವನ ಹಾಗೆ ಒಂದೊಂದು ಮಾತನ್ನೂ ಜೋಪಾನವಾಗಿ ಹೊರಗೆ ಬಿಡುತ್ತಿದ್ದ.

ಭಾನುಪ್ರಿಯಾ ಕೂರಲಿಲ್ಲ. ಮೇಜಿಗೆ ಅಂಗೈಯೂರಿ, ನಿಂತೇ ಓದತೊಡಗಿದಳು.

ಕಳಲೆಯ ಹತ್ತಿರದ ಏಳನೇ ತೂಬಿನ ಮೋರಿಗಿಳಿದು ಕಸ ತೆಗೆಯುತ್ತಿದ್ದ ಬೆಟ್ಟಸ್ವಾಮಿಯ ಮೇಲೆ ನಾಲೆಯ ನೀರು ನುಗ್ಗಿತ್ತು. ಅವನು ಮೈಸೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ, "ಬೀಗ ಹಾಕೋದು ಮರೆತೆ" ಎಂದು ಬರೆದುಕೊಟ್ಟ ದಿವ್ಯ ನಂಜನಗೂಡಿನ ಠಾಣೆಯಲ್ಲಿ ಕೂತಿದ್ದಳು.

ಬಜಾರಿನ ಹಿಂದಿನ ಈ ಮಹಡಿಯ ಕೋಣೆಯೇ ದಿವ್ಯ ಕೆಲಸ ಮಾಡುತ್ತಿದ್ದ ಜಾಗ, 'ಕಪಿಲಧಾರೆ' ಎಂಬ ಖಾಸಗಿ ಕಂಪನಿಯ ಕಂಟ್ರೋಲ್ ರೂಮು. ಟಿ. ನರಸೀಪುರದವರೆಗಿನ ನಾಲೆಯ ತೂಬುಗಳೆಲ್ಲ ಇಲ್ಲಿಂದಲೇ ಮೋಟಾರಿನಲ್ಲಿ ಏಳುತ್ತಿದ್ದವು, ಇಳಿಯುತ್ತಿದ್ದವು. ಸರದಿ ಬಂದ ತೂಬು ತಾನಾಗಿಯೇ ತೆರೆದುಕೊಳ್ಳುತ್ತದೆ. ಮೋರಿಯೊಳಗೆ ಮನುಷ್ಯ ಇಳಿದಾಗ ಇಲ್ಲಿ ಕೂತವರು ಪರದೆಯ ಮೇಲೆ ಅದಕ್ಕೊಂದು ಬೀಗ ಹಾಕಬೇಕು. ಬೀಗ ಬಿದ್ದರೆ ಸರದಿ ಬಂದರೂ ತೂಬು ಮಿಸುಕುವುದಿಲ್ಲ.

"ಭಾನು, ನನಗೂ ತಿಳಿಯೋ ಹಾಗೆ ಹೇಳ್ತಾ ಹೋಗು," ಎಂದಳು ಬಾಗಿಲ ಬಳಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ರಾಣಿ. "ಇವರು ಹೇಳೋದು ಸರಿ ಅನ್ನಿಸಿದ್ರೆ ನಾನು ನಾಳೆ ಆ ಹುಡುಗೀನ ಕೋರ್ಟಿಗೆ ಕರ್ಕೊಂಡು ಹೋಗ್ಬೇಕಾಗುತ್ತೆ. ನಂಗೆ ಮನಸ್ಸಿಲ್ಲ."

ಕಂಪ್ಯೂಟರಿನ ತಂಟೆಯಿರುವ ಪ್ರಕರಣ ಬಂದರೆ ರಾಣಿ ಮೊದಲು ಫೋನ್ ಮಾಡುವುದು ಭಾನುಪ್ರಿಯಾಳಿಗೆ. ಮೈಸೂರಿನ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದವಳು ಅದನ್ನು ಬಿಟ್ಟು ಊರಿಗೆ ಬಂದು ಇಂಥ ಪ್ರಕರಣ ಬಿಡಿಸುವ ಕೆಲಸಕ್ಕೇ ನಿಂತಿದ್ದಳು. ನೀರು ನುಗ್ಗಿದ ದಿನವೇ ಅವಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಕ್ಕ, ಆ ಮೆಷೀನನ್ನ ಯಾರೂ ಆಫ್ ಮಾಡದ ಹಾಗೆ ನೋಡ್ಕೊಳ್ಳಿ." ಅವತ್ತಿನಿಂದ ಒಬ್ಬ ಪೇದೆ ಈ ಕೋಣೆಯಲ್ಲೇ ಇದ್ದ. ಪ್ರಸಾದ್ ಮಾತ್ರ, ಒಂದು ಸಲ ರೀಸ್ಟಾರ್ಟ್ ಮಾಡಿದರೆ ಒಳ್ಳೆಯದು ಎಂದು ಮತ್ತೆ ಮತ್ತೆ ಕೇಳಿದ್ದನಂತೆ.

"ಈ ಪ್ರೋಗ್ರಾಮ್ ಬರೆದೋರು ನೀವೇ ಅಲ್ವಾ?" ಎಂದಳು ಭಾನುಪ್ರಿಯಾ.

"ಹೌದು ಮೇಡಂ. ಸ್ಕಾಲಾ ಅನ್ನೋ ಭಾಷೇಲಿ ಬರೆದಿದೀನಿ."

"ಒಳ್ಳೆ ಕೈ ನಿಮ್ದು. ಅಚ್ಚುಕಟ್ಟಾಗಿದೆ."

ಪ್ರಸಾದ್ ತಲೆ ತಗ್ಗಿಸಿದ. ಹೊಗಳಿಕೆ ಅವನಿಗೆ ಹಿತವಾದಂತೆ ಕಾಣಲಿಲ್ಲ.

"ಅಕ್ಕ, ಈ ಭಾಷೇಲಿ ಕೆಲಸ ಮಾಡೋ ಪದ್ಧತಿ ಬೇರೆ," ಎಂದು ಭಾನುಪ್ರಿಯಾ ರಾಣಿಯ ಕಡೆ ತಿರುಗಿದಳು. "ಒಂದು ಸಲ ಬರೆದದ್ದನ್ನ ಅಳಿಸಿ ತಿದ್ದೋ ಹಾಗಿಲ್ಲ. ಎಲ್ಲಾ ತೂಬೂ ಸೇರಿಸಿ ಒಂದು ಗ್ರೂಪ್ ಫೋಟೋ ತೆಗೆದ ಹಾಗೆ ಅನ್ಕೊಳ್ಳಿ. ಇವರು ಅದಕ್ಕೆ ಕಲೆಕ್ಷನ್ ಅಂತಾರೆ. ಒಂದು ತೂಬಿಗೆ ಬೀಗ ಬಿತ್ತು ಅಂದ್ರೆ ಆ ತೂಬಿಗೆ ಹೊಸದೊಂದು ನಕಲು ಮಾಡಿ, ಹೊಸ ಫೋಟೋ ತೆಗೀತಾರೆ. ಹಳೇ ಫೋಟೋ ಹಾಗೇ ಇರುತ್ತೆ."

"ಅಂದ್ರೆ ಅವತ್ತು ಬೆಳಗ್ಗೆಯಿಂದ ತೆಗೆದ ಫೋಟೋ ಎಲ್ಲಾ ಇದರೊಳಗೆ ಇದೆ."

"ಇದೆ. ಮೆಷೀನ್ ಆಫ್ ಆಗಿದ್ರೆ ಹೋಗಿರೋದು."

"ಅದನ್ನೇ ಮೇಡಂ ನಾನೂ ಹೇಳ್ತಾ ಇರೋದು," ಎಂದ ಪ್ರಸಾದ್. "ಅವತ್ತಿನ ಯಾವ ಕಲೆಕ್ಷನ್ ತೆಗೆದು ನೋಡಿದ್ರೂ ಏಳನೇ ತೂಬಿಗೆ ಬೀಗ ಇಲ್ಲ. ಅವಳು ಹಾಕಿದ್ರೆ ಒಂದರಲ್ಲಾದ್ರೂ ಕಾಣ್ಬೇಕಿತ್ತು."

ಮಾತು ಸರಿಯಾಗಿಯೇ ಇತ್ತು. ಭಾನುಪ್ರಿಯಾ ಒಂದೊಂದೇ ಕಲೆಕ್ಷನ್ನನ್ನು ತೆರೆದು, ಏಳನೇ ತೂಬಿನ ಮುಂದೆ ನಿಂತು, ಮುಂದಿನದಕ್ಕೆ ಹೋದಳು. ಬೀಗ ಇಲ್ಲ. ಇಲ್ಲ. ಇಲ್ಲಿಯೂ ಇಲ್ಲ. ರಾಣಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ನಡುವೆ ಒಂದು ಕಡೆ ಭಾನುಪ್ರಿಯಾಳ ಬೆರಳು ನಿಂತಿತು. ಅವಳು ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

"ಪ್ರಸಾದ್, ಒಂದು ತೂಬಿನ ಬಗ್ಗೆ ನೀವು ಏನೇನು ಬರೆದಿಟ್ಟಿರ್ತೀರಿ?"

"ನಂಬರು, ಜಾಗ, ನಕಲು ಮಾಡಿದ್ದು ಯಾರು, ಬೀಗ ಇದೆಯೋ ಇಲ್ವೋ. ನಾಲ್ಕೇ ಫೀಲ್ಡು."

"ಬೆಟ್ಟಸ್ವಾಮಿ ಮೋರಿಗಿಳಿದಾಗ ಏಳನೇ ತೂಬಿಗೆ ಹೊಸ ನಕಲು ಆಗಿದೆ. ಮಾಡಿದ್ದು ದಿವ್ಯ ಅಂತ ಹೆಸರೂ ಇದೆ. ಹಳೇ ನಕಲಿಗೂ ಇದಕ್ಕೂ ಏನು ವ್ಯತ್ಯಾಸ?"

ಪ್ರಸಾದ್ ಬಗ್ಗಿ ನೋಡಿದ. "ಏನಿಲ್ಲ. ಹೆಸರು ಬಿಟ್ರೆ ಎಲ್ಲಾ ಒಂದೇ."

"ಏನೂ ಬದಲಾಗದೆ ನಕಲು ಯಾಕಾಯ್ತು?"

"ಗೊತ್ತಿಲ್ಲದೆ ಬಟನ್ ಒತ್ತಿರ್ಬಹುದು."

"ಬದಲಾವಣೆ ಇಲ್ಲದೆ ಬಟನ್ ಒತ್ತಿದ್ರೆ ನಕಲು ಮಾಡ್ಬೇಡ ಅಂತ ನೀವೇ ಬರೆದಿದೀರಿ. ಇಲ್ಲಿದೆ ನೋಡಿ."

ಪ್ರಸಾದ್ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ.

"ನಂಗೆ ಅರ್ಥ ಆಗ್ಲಿಲ್ಲ," ಎಂದಳು ರಾಣಿ ಹತ್ತಿರ ಬರುತ್ತ.

"ಅಕ್ಕ, ದಿವ್ಯ ಬಟನ್ ಒತ್ತಿದಾಗ ಏನೋ ಒಂದು ಬದಲಾಗಿದ್ದು ನಿಜ. ಅದಕ್ಕೇ ಹೊಸ ನಕಲು ಹುಟ್ಟಿದೆ. ಅವಳ ಪರದೇಲಿ ಬದಲಾಯಿಸೋಕೆ ಆಗೋದು ಬೀಗ ಒಂದೇ. ಅವಳು ಬೀಗ ಹಾಕಿದ್ಲು."

"ಮತ್ತೆ ಫೋಟೋದಲ್ಲಿ ಯಾಕಿಲ್ಲ?"

"ಮೀಸೆ ಇದ್ದೋನು ಇವತ್ತು ಬೋಳಿಸ್ಕೊಂಡ್ರೆ ನಾಳೆಯ ಫೋಟೋದಲ್ಲಿ ಮೀಸೆ ಇರಲ್ಲ. ನಿನ್ನೆಯ ಫೋಟೋದಲ್ಲೂ ಮೀಸೆ ಮಾಯ ಆಗಿದೆ ಅಂದ್ರೆ?"

"ಫೋಟೋನ ಯಾರೋ ಕೆರೆದಿದಾರೆ."

"ಅಷ್ಟೇ. ದಿವ್ಯ ಮಾಡಿದ ನಕಲಿನೊಳಕ್ಕೇ ಕೈ ಹಾಕಿ, ಇದ್ದಲ್ಲೇ ಬೀಗ ತೆಗೆದಿದಾರೆ. ಅದೇ ನಕಲು ಆಮೇಲಿನ ಎಲ್ಲ ಕಲೆಕ್ಷನ್‌ನಲ್ಲೂ ಇರೋದ್ರಿಂದ ಎಲ್ಲದರಲ್ಲೂ ಬೀಗ ಮಾಯ. ಹಾಕೇ ಇರಲಿಲ್ಲ ಅನ್ನೋ ಹಾಗೆ." ಭಾನುಪ್ರಿಯಾ ಪ್ರಸಾದನ ಮುಖ ನೋಡಿದಳು. "ದಿವ್ಯಳ ಪರದೆಯಿಂದ ಅದು ಸಾಧ್ಯ ಇಲ್ಲ. ಅವಳು ತೆಗೆದಿದ್ರೆ ಇನ್ನೊಂದು ನಕಲು ಹುಟ್ಟಿರೋದು. ಅಲ್ವಾ ಪ್ರಸಾದ್?"

ಅವನು ಮೌಸನ್ನು ಅವಳ ಕಡೆಗೆ ಸರಿಸಿದ.

ಭಾನುಪ್ರಿಯಾ ತೂಬಿನ ಕ್ಲಾಸ್, ಎಂದರೆ ಅದರ ವಿವರಗಳ ಅಚ್ಚು, ಇದ್ದ ಪುಟವನ್ನು ತೆರೆದಳು. ನಾಲ್ಕೇ ಸಾಲು. ನಂಬರಿನ ಹಿಂದೆ 'ವ್ಯಾಲ್' ಎಂದಿತ್ತು, ಎಂದರೆ ಒಮ್ಮೆ ಇಟ್ಟ ಮೇಲೆ ಬ್ರಹ್ಮ ಬಂದರೂ ಬದಲಾಗದ್ದು. ಜಾಗದ ಹಿಂದೆಯೂ ಅದೇ. ಹೆಸರಿನ ಹಿಂದೆಯೂ ಅದೇ. ಬೀಗದ ಹಿಂದೆ ಮಾತ್ರ 'ವಾರ್' ಎಂದಿತ್ತು. ಯಾವಾಗ ಬೇಕಾದರೂ, ಗುರುತು ಉಳಿಸದೆ, ಇದ್ದಲ್ಲೇ ಬದಲಾಯಿಸಬಹುದಾದದ್ದು.

"ಇಷ್ಟು ಅಚ್ಚುಕಟ್ಟಾಗಿ ಬರೆಯೋರು ಇದೊಂದನ್ನ ಯಾಕೆ ಹೀಗೆ ಬಿಟ್ರಿ?"

ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. ಬಹುಶಃ ಅದಕ್ಕೇ ಪ್ರಸಾದನ ಮುಖ ಕುಸಿಯಿತು. ಅವನು ಕಿಟಕಿಯ ಕಡೆ ತಿರುಗಿ, ಬಜಾರಿನ ಮಾಳಿಗೆಗಳನ್ನು ನೋಡುತ್ತ ಹೇಳಿದ.

"ಹೋದ ಮಳೆಗಾಲದಲ್ಲಿ ನರಸೀಪುರದ ಕಡೇ ತೂಬು ಬೀಗ ಬಿದ್ದು ಕೂತ್ಬಿಟ್ಟಿತ್ತು ಮೇಡಂ. ರಾತ್ರಿ ಹೊತ್ತು, ಇಲ್ಲಿ ಬೀಗ ತೆಗೆಯೋಕೆ ಯಾರೂ ಇರ್ಲಿಲ್ಲ. ನೀರು ಹಿಂದಕ್ಕೆ ತುಂಬ್ಕೊಂಡು ಪಕ್ಕದ ಕೇರಿಗೆ ನುಗ್ತು. ಅಲ್ಲಿ ತೂಬು ಕಾಯೋ ಮನುಷ್ಯ ಎದೆಮಟ್ಟ ನೀರಲ್ಲಿ ಇಳಿದು, ಚಕ್ರಾನ ಕೈಯಲ್ಲೇ ತಿರುಗಿಸ್ದ. ಭುಜ ಕೀಲು ತಪ್ಪಿತು. ಆ ವಯಸ್ಸಲ್ಲಿ. ನೋಡೋಕಾಗ್ಲಿಲ್ಲ ನಂಗೆ."

"ಅದಕ್ಕೆ?"

"ಅವರ ಫೋನಿಗೆ ಒಂದು ಕೀಲಿ ಮಾಡ್ಕೊಟ್ಟೆ. ಒತ್ತಿದ್ರೆ ನೇರ ಬೀಗ ಬಿಚ್ಕೊಳ್ಳೋ ಹಾಗೆ. ಬೇಗ ಆಗ್ಲಿ ಅಂತ ವಾರ್ ಮಾಡ್ದೆ."

"ಅದು ಅವರ ತೂಬಿಗೆ ಮಾತ್ರ ಅಲ್ವಾ?"

ಪ್ರಸಾದ್ ಕಣ್ಣು ಮುಚ್ಚಿಕೊಂಡ. "ಫಿಲ್ಟರ್ ಹಾಕ್ಬೇಕಿತ್ತು. ನರಸೀಪುರದ್ದು ಮಾತ್ರ ಸೋಸಿ ಕೊಡ್ಬೇಕಿತ್ತು. ಮೊದಲು ಕೆಲಸ ನಡೀಲಿ, ಸೋಸೋದು ಆಮೇಲೆ ಅಂತ ಇಡೀ ಕಲೆಕ್ಷನ್ನೇ ಕೊಟ್ಬಿಟ್ಟೆ. ಆಮೇಲೆ ಬೇರೆ ಕೆಲಸ ಬಂತು."

"ಅಂದ್ರೆ ಆ ಫೋನಿಂದ ಯಾವ ತೂಬಿನ ಬೀಗ ಬೇಕಾದ್ರೂ ತೆಗೀಬಹುದು," ಎಂದಳು ರಾಣಿ. ಅವಳ ದನಿ ಗಟ್ಟಿಯಾಗಿತ್ತು. "ಆ ಕೀಲಿ ಇನ್ನೂ ಯಾರ ಹತ್ರ ಇದೆ?"

"ಇನ್ಯಾರ ಹತ್ರನೂ ಇಲ್ಲ. ಅವರೊಬ್ಬರೇ. ಚಿಕ್ಕಮಾದು ಅಂತ."

ರಾಣಿಯ ಕೈ ಟೋಪಿಯ ಮೇಲೆ ನಿಂತಿತು. "ದಿವ್ಯಳ ಅಪ್ಪ?"

ಪ್ರಸಾದ್ ತಲೆಯಾಡಿಸಿದ. "ಅವಳಿಗೋಸ್ಕರ ಬಾಯಿ ಬಿಡ್ಬೇಕು ಅಂತ ದಿನಾ ಅನ್ಕೋತಿದ್ದೆ ಮೇಡಂ. ಬಿಟ್ರೆ ಅವಳ ಅಪ್ಪ ಸಿಕ್ಕಾಕ್ಕೋತಾರೆ. ಏನ್ ಮಾಡ್ಲಿ ಹೇಳಿ."

* * *

ಠಾಣೆಯ ಹಿಂದಿನ ಕೋಣೆಯಲ್ಲಿ ದಿವ್ಯ ಗೋಡೆಗೊರಗಿ ಕೂತಿದ್ದಳು. ಮಹಿಳಾ ಪೇದೆ ತಂದಿಟ್ಟ ಇಡ್ಲಿ ಪೊಟ್ಟಣದಲ್ಲೇ ತಣ್ಣಗಾಗಿತ್ತು. ಭಾನುಪ್ರಿಯಾ ಒಳಗೆ ಬಂದರೂ ಅವಳು ಏಳಲಿಲ್ಲ. ಕಾಲು ಮಡಚಿ ಜಾಗ ಮಾಡಿಕೊಟ್ಟಳು.

ಭಾನುಪ್ರಿಯಾ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ನೀನು ಬೀಗ ಹಾಕಿದ್ದೆ."

"ಮರೆತೆ ಅಂತ ಬರ್ಕೊಟ್ಟಿದೀನಲ್ಲಕ್ಕ."

"ಬರ್ಕೊಟ್ಟಿದೀಯ. ಆದ್ರೆ ಹಾಕಿದ್ದೆ. ಮೆಷೀನು ಹೇಳ್ತಿದೆ."

ದಿವ್ಯ ಕಿಟಕಿಯ ಸರಳುಗಳನ್ನೇ ನೋಡುತ್ತಿದ್ದಳು. ಹಾಕಿದ್ದೆ ಎಂದು ಮೊದಲ ದಿನ ಕಿರುಚಿ ಹೇಳಿದ್ದವಳು ಮರುದಿನ ಏಕಾಏಕಿ ಮರೆತೆ ಎಂದಿದ್ದು ಯಾಕೆಂದು ಪೊಲೀಸರಿಗೆ ಹೊಳೆದಿರಲಿಲ್ಲ.

"ಅವತ್ತು ರಾತ್ರಿ ಅಪ್ಪ ಫೋನ್ ಮಾಡಿದ್ರು ಅಲ್ವಾ?"

ದಿವ್ಯ ಈಗ ತಿರುಗಿದಳು. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ.

"ನಾ ಏನೋ ಒತ್ಬುಟ್ಟೆ ಕಣವ್ವ ಅಂದ್ರು. ಅಷ್ಟೇ. ಮುಂದಕ್ಕೆ ಮಾತು ಬರ್ಲಿಲ್ಲ ಅವರಿಗೆ. ಅಪ್ಪ ಅಳೋದು ನಾನು ಯಾವತ್ತೂ ಕೇಳಿರ್ಲಿಲ್ಲ ಅಕ್ಕ. ಅವ್ವ ಸತ್ತಾಗ್ಲೂ ಬಾಯಿಗೆ ಟವೆಲ್ ಒತ್ಕೊಂಡು ಹೊರಗೆ ನಿಂತಿದ್ರು."

"ಅದಕ್ಕೆ ತಪ್ಪು ನಿನ್ನ ಮೇಲೆ ಹಾಕ್ಕೊಂಡೆ."

"ನಂಗೆ ವಯಸ್ಸಿದೆ. ಏನೋ ಆಗುತ್ತೆ. ಅವರು ಜೈಲಿಗೆ ಹೋದ್ರೆ ವಾಪಸ್ ಬರಲ್ಲ." ಅವಳು ಭಾನುಪ್ರಿಯಾಳ ಕೈ ಹಿಡಿದುಕೊಂಡಳು. ಅಂಗೈ ಬಿಸಿಯಾಗಿತ್ತು. "ಅವರನ್ನ ಬೈಬೇಡಿ ಅಕ್ಕ. ಬೈದ್ರೆ ಊಟ ಬಿಟ್ಬಿಡ್ತಾರೆ."

ಭಾನುಪ್ರಿಯಾ ಆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು. ಅವಳ ಮನಸ್ಸಿಗೆ ಒಂದೇ ಪ್ರಶ್ನೆ ಚುಚ್ಚುತ್ತಿತ್ತು. ನರಸೀಪುರದಲ್ಲಿ ಕೂತವನಿಗೆ ಕಳಲೆಯ ತೂಬಿನ ಬೀಗ ತೆಗೆಯುವ ಉಸಾಬರಿ ಯಾಕೆ ಬೇಕಿತ್ತು?

* * *

ಚಿಕ್ಕಮಾದು ಇರುತ್ತಿದ್ದದ್ದು ಕಡೇ ತೂಬಿನ ಪಕ್ಕದ ಶೀಟಿನ ಮನೆಯಲ್ಲಿ. ಜೀಪು ನಿಂತಾಗ ಅವನು ಬಾಗಿಲಲ್ಲೇ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದು ನೀವಿಕೊಳ್ಳುತ್ತಿದ್ದ. ಒಳಗಿನ ಗೋಡೆಯ ಮೇಲೆ ಬುದ್ಧನ ಚಿತ್ರವಿದ್ದ ಕ್ಯಾಲೆಂಡರು, ಅದರ ಕೆಳಗೆ ಚಾರ್ಜಿಗೆ ಹಾಕಿದ ಫೋನು. ಸಂಗಮದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಶೀಟು ಪಟಪಟ ಎನ್ನುತ್ತಿತ್ತು.

ರಾಣಿಯ ಸಮವಸ್ತ್ರ ಕಂಡವನೇ ಎದ್ದು ನಿಂತ. ಓಡುವವನ ಹಾಗಲ್ಲ, ಬಹಳ ಹೊತ್ತಿನಿಂದ ಬಸ್ಸಿಗೆ ಕಾದವನ ಹಾಗೆ.

"ಬತ್ತೀರಿ ಅಂತ ಗೊತ್ತಿತ್ತು ಕಣವ್ವ. ನಮ್ ಕೂಸು ಎಂಗವ್ಳೆ?"

"ಚೆನ್ನಾಗಿದಾಳೆ. ಊಟ ಮಾಡ್ತಿಲ್ಲ," ಎಂದಳು ರಾಣಿ.

"ನಾನೂವೆ ಉಂಡಿಲ್ಲ ಬುಡಿ." ಅವನು ಒಳಗಿನಿಂದ ಚಾಪೆ ತಂದು ಹಾಸಿದ. ಬಲಗೈ ಎತ್ತಲಾಗದೆ ಎಡಗೈಯಲ್ಲೇ ಬಿಡಿಸಿದ. "ಅವ್ಳದೇನೂ ತಪ್ಪಿಲ್ಲ. ಒತ್ತಿದ್ದು ನಾನೇಯ. ನನ್ನ ಕರ್ಕೊಂಡೋಗಿ, ಕೂಸ್ನ ಬುಟ್ಬುಡಿ. ನಾನೇ ಬತ್ತಿದ್ದೆ ಠೇಸನ್ನಿಗೆ. ಬರ್ಬ್ಯಾಡ, ಸಲ್ಪ ತಡ್ಕೋ ಅಂದ್ನಲ್ಲಾ, ಅದ್ಕೇ ಕುಂತಿವ್ನಿ."

"ಯಾರು ಅಂದಿದ್ದು?" ಎಂದಳು ಭಾನುಪ್ರಿಯಾ.

ಚಿಕ್ಕಮಾದು ಅವಳನ್ನು ವಿಚಿತ್ರವಾಗಿ ನೋಡಿದ. "ಇನ್ಯಾರು, ಬೆಟ್ಟಸ್ವಾಮಿ."

ಭಾನುಪ್ರಿಯಾ ಮತ್ತು ರಾಣಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದರೆ ಮುದುಕ ಹೆದರಿ ಮಾತು ನಿಲ್ಲಿಸಬಹುದು ಎಂದು ಇಬ್ಬರಿಗೂ ಅನ್ನಿಸಿರಬೇಕು.

"ಮೊದಲಿಂದ ಹೇಳಿ," ಎಂದಳು ಭಾನುಪ್ರಿಯಾ ಮೆಲ್ಲಗೆ. "ಅವತ್ತು ಏನಾಯ್ತು?"

"ಫೋನ್ ಬಂತು. ಬೆಟ್ಟಸ್ವಾಮಿ ಅಂತ ಎಸ್ರು ಕಾಣ್ತು. 'ಮಾದಣ್ಣ, ಮೋರಿ ಕೆಲ್ಸ ಮುಗುಸ್ಕೊಂಡು ಮೇಲಕ್ಕೆ ಬಂದಿವ್ನಿ, ನಿನ್ ಮಗ್ಳು ಫೋನ್ ಎತ್ತಾ ಇಲ್ಲ, ಸರ್ದಿ ತಪ್ಪೋದ್ರೆ ರೈತ್ರು ಜಗಳಕ್ಕೆ ಬತ್ತಾರೆ, ಏಳ್ನೇ ತೂಬ್ನ ಬೀಗ ನೀನೇ ತಗ್ದುಬುಡು' ಅಂದ. ನಂಗೇನ್ ಗೊತ್ತವ್ವ. ಕೂಸು ಊಟುಕ್ಕೋಗಿರ್ಬೋದು, ಅವ್ಳಿಗೂ ವಸಿ ಸಹಾಯ ಆಯ್ತದೆ ಅಂತ ಒತ್ತುದೆ."

"ಅದು ಬೆಟ್ಟಸ್ವಾಮಿ ದನಿನೇನಾ?"

"ಗಾಳಿ ಜೋರಾಗಿತ್ತು. ದನಿ ಸರ್ಯಾಗ್ ಕೇಳ್ನಿಲ್ಲ. ಆದ್ರೆ ಎಸ್ರು ಬಂತಲ್ಲಾ ಫೋನ್ ಮ್ಯಾಲೆ."

"ಆಮೇಲೆ?"

"ಸಂಜೆ ನೀರ್ ನುಗ್ತು ಅಂತ ಸುದ್ದಿ ಬಂತು. ನನ್ ಜೀವ ಓದಂಗಾಯ್ತು. ಕೂಸ್ಗೆ ಫೋನ್ ಮಾಡ್ದೆ, ಮಾತೇ ಆಡಕ್ಕಾಗ್ನಿಲ್ಲ. ಪುಣ್ಯಕ್ಕೆ ಮಾರ್ನೆ ದಿನ ಅವ್ನೇ ಮಾಡ್ದ. 'ಆಸ್ಪತ್ರೇಲಿವ್ನಿ, ಉಸಾರಾಗಿವ್ನಿ, ನಾನೇ ಬಂದು ಪೊಲೀಸ್ರಿಗೆ ಏಳ್ತೀನಿ, ಅಲ್ಲೀಗಂಟ ನೀನು ಯಾರ್ಗೂ ಬಾಯ್ ಬುಡ್ಬ್ಯಾಡ, ಮಗ್ಳಿಗೂ ಏಳ್ಬ್ಯಾಡ' ಅಂದ. ಇವತ್ ಬೆಳಿಗ್ಗೆನೂ ಮಾಡಿದ್ದ."

ರಾಣಿಯ ಮುಖದ ಬಣ್ಣ ಇಳಿದಿತ್ತು. ಇವತ್ತು ಬೆಳಿಗ್ಗೆ ಅವಳು ಮೈಸೂರಿನ ಆಸ್ಪತ್ರೆಯಲ್ಲಿ ಬೆಟ್ಟಸ್ವಾಮಿಯ ಮಂಚದ ಪಕ್ಕದಲ್ಲೇ ನಿಂತಿದ್ದಳು. ಅವನ ಬಾಯಿಗೆ ಕೊಳವೆ ಹಾಕಿದ್ದರು. ಮೋರಿಯಿಂದ ಎತ್ತಿದಂದಿನಿಂದ ಅವನು ಒಂದು ಅಕ್ಷರ ಮಾತಾಡಿರಲಿಲ್ಲ.

"ಮಾದಣ್ಣ," ಎಂದಳು ರಾಣಿ. "ಬೆಟ್ಟಸ್ವಾಮಿಗೆ ಇನ್ನೂ ಪ್ರಜ್ಞೆ ಬಂದಿಲ್ಲ."

ಮುದುಕ ನಕ್ಕಂತೆ ಮಾಡಿದ. ಆಮೇಲೆ ಆ ನಗು ಮುಖದ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಾಗೇ ಉಳಿಯಿತು. ಅವನ ಎಡಗೈ ಬಾಗಿಲ ಚೌಕಟ್ಟನ್ನು ಹುಡುಕಿ ಹಿಡಿಯಿತು. ಭಾನುಪ್ರಿಯಾ ಎದ್ದು ಅವನನ್ನು ಚಾಪೆಯ ಮೇಲೆ ಕೂರಿಸಿದಳು, ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟಳು. ಅವನು ಎರಡು ಗುಟುಕು ಕುಡಿದು ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡ.

"ಅಂಗಾರೆ ನಂಗೆ ಮಾತಾಡ್ದೋರು ಯಾರವ್ವ?"

ಭಾನುಪ್ರಿಯಾ ಗೋಡೆಯಿಂದ ಫೋನು ಬಿಚ್ಚಿ ತಂದು, ಅವನ ಒಪ್ಪಿಗೆ ಕೇಳಿ, ತೆರೆದಳು. ಬೆಳಗಿನ ಕರೆ ಎಲ್ಲಕ್ಕಿಂತ ಮೇಲಿತ್ತು. ಹೆಸರು ಬೆಟ್ಟಸ್ವಾಮಿ. ಹೆಸರಿನ ಕೆಳಗಿನ ನಂಬರನ್ನು ರಾಣಿ ತನ್ನ ಫೋನಿನಲ್ಲಿದ್ದ ನಂಬರಿನ ಜೊತೆ ಇಟ್ಟು ನೋಡಿ, ಅಡ್ಡಡ್ಡ ತಲೆಯಾಡಿಸಿದಳು. ಬೆಟ್ಟಸ್ವಾಮಿಯ ಹೆಂಡತಿ ಪೊಲೀಸರಿಗೆ ಕೊಟ್ಟ ನಂಬರೇ ಬೇರೆ. ಆ ಫೋನು ಅವನ ಜೇಬಿನಲ್ಲೇ ನೀರು ಕುಡಿದು ಸತ್ತಿತ್ತು.

ಇದು ಯಾರದೋ ನಂಬರು. ಅದಕ್ಕೆ ಬೆಟ್ಟಸ್ವಾಮಿಯ ಹೆಸರು ಕೊಟ್ಟು, ಓದಲು ಅಷ್ಟಾಗಿ ಬಾರದ ಈ ಮುದುಕನ ಫೋನಿನಲ್ಲಿ ಯಾರೋ ಮೊದಲೇ ಇಟ್ಟುಹೋಗಿದ್ದರು. ಅವನ ಕೈಯಲ್ಲಿ ಎಂಥ ಕೀಲಿ ಇದೆಯೆಂದು ತಿಳಿದವರು. ಪ್ರಸಾದ್ ಮರೆತ ಫಿಲ್ಟರು ಅವರಿಗೆ ಮೊದಲೇ ಕಂಡಿತ್ತು.

"ಮಾದಣ್ಣ, ಸ್ವಲ್ಪ ಯೋಚ್ನೆ ಮಾಡಿ ಹೇಳಿ," ಎಂದಳು ಭಾನುಪ್ರಿಯಾ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು. "ಬೆಟ್ಟಸ್ವಾಮಿ ಅಂತ ಈ ನಂಬರನ್ನ ನಿಮ್ಮ ಫೋನಿಗೆ ಹಾಕ್ಕೊಟ್ಟಿದ್ದು ಯಾರು?"

ಚಿಕ್ಕಮಾದು ಯೋಚಿಸಲೇ ಇಲ್ಲ. ಆ ಕಂಗಾಲಾದ ಮುಖದ ಮೇಲೂ ಒಂದು ಗಳಿಗೆ ಅಭಿಮಾನ ಮಿನುಗಿತು.

"ನಂಗೆಲ್ ಬತ್ತದವ್ವ ಅವೆಲ್ಲ? ಓದ್ವಾರ ಮನೆಗ್ ಬಂದಾಗ ನಮ್ ಕೂಸೇ ಆಕ್ಕೊಡ್ತು. 'ಅಪ್ಪ, ಬೆಟ್ಟಸ್ವಾಮಣ್ಣ ನಂಬ್ರು ಬದ್ಲಾಯ್ಸವ್ರೆ, ಇನ್ಮ್ಯಾಲೆ ಇದ್ರಿಂದ್ಲೇ ಮಾಡ್ತಾರೆ, ಅವ್ರು ಏನೇಳುದ್ರೂ ಮಾಡ್ಕೊಡು' ಅಂತು."